ಹೊಸ್ತಿಲೊಳಗಿನ ನೀರು

ಆ ಊರಿನಲ್ಲಿ ಯಾರೂ ಗಿಂಡಿಯಿಲ್ಲದೆ ಮನೆಯಿಂದ ಹೊರಡುವುದಿಲ್ಲ. ಗುರುತಿಲ್ಲದವರ ಜೊತೆ ಒಂದೇ ಮಾತಾಡಿದರೂ ನೀರು ಬದಲಾಯಿಸಿಕೊಳ್ಳಬೇಕು. ತನ್ನ ಗಿಂಡಿಯಿಂದ ಅವರದಕ್ಕೆ ಒಂದು ಗುಟುಕು, ಅವರ ಗಿಂಡಿಯಿಂದ ತನ್ನದಕ್ಕೆ ಒಂದು ಗುಟುಕು. ದಾರಿ ಕೇಳಿದರೂ ಸರಿ, ಉಪ್ಪಿದೆಯಾ ಎಂದು ಕೇಳಿದರೂ ಸರಿ, "ಸ್ವಲ್ಪ ಸರೀರಿ" ಎಂದರೂ ಸರಿ. ಆಮೇಲೆ ಅವರು ಅವರ ದಾರಿ ಹಿಡಿಯುತ್ತಾರೆ, ಇವರು ಇವರ ದಾರಿ.

ಸಂಜೆ ದೀಪ ಹಚ್ಚುವ ಮೊದಲು ಎಲ್ಲರೂ ತಂತಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ನಂದಿಬಟ್ಟಲ ಗಿಡ. ಮುಖವನ್ನು ಬೀದಿಗೆ ತಿರುಗಿಸಿ, ನೀರನ್ನು ನೋಡದೆ, ಗಿಂಡಿಯನ್ನು ಗಿಡದ ಬುಡಕ್ಕೆ ಬಗ್ಗಿಸುತ್ತಾರೆ. ಬೆಳಿಗ್ಗೆ ಗಿಡದಲ್ಲಿ ಬಿಳಿ ಹೂವಿರುತ್ತದೆ. ಯಾರ ನೀರಿಗೆ ಯಾವ ಹೂವು ಎಂದು ಯಾರೂ ಕೇಳುವುದಿಲ್ಲ.

ಹೊರಗಿನ ನೀರು ಹೊಸ್ತಿಲು ದಾಟಬಾರದು. ಆ ಊರಿನ ಕಟ್ಟಳೆ ಇದೊಂದೇ. ದಾಟಿ ಒಳಗೆ ಬಂದ ನೀರು ಬತ್ತುವುದಿಲ್ಲ. ಯೋಚಿಸಿದಷ್ಟೂ ಏರುತ್ತದೆ.

ಊರಿನ ಬಣ್ಣದವಳಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬಟ್ಟೆಗೆ ನೀಲಿ ಹಾಕುವ ಅವಳ ಕಸುಬೇ ನೀರಿನದು. ಅವಳ ಮನೆಯ ಒಳಕೋಣೆ ಬೀದಿಯ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿತ್ತು. ಅಲ್ಲಿ ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಒಂದು ದೊಡ್ಡ ಮಣ್ಣಿನ ಬಾನಿ. ಅದರೊಳಗೆ ನೀಲಿಯ ಹುಳಿ. ಅವಳ ತಾಯಿಯ ತಾಯಿ ಹುದುಗು ಹಾಕಿ ಎಬ್ಬಿಸಿದ್ದು. ಅಂದಿನಿಂದ ಒಂದು ದಿನವೂ ಸಾಯದೆ ಬಂದಿತ್ತು. ಅದಕ್ಕೆ ಸುಣ್ಣ ಬೇಕು, ಬೆಲ್ಲ ಬೇಕು, ಬೇಯಿಸಿದ ತಗಚೆ ಬೀಜ ಬೇಕು, ಹಿತ್ತಲ ಬಾವಿಯ ನೀರು ಬೇಕು. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ತಾಮ್ರದ ಬಣ್ಣದ ನೊರೆ ಕಟ್ಟಿರುತ್ತಿತ್ತು. ಅದಕ್ಕೆ ಹೂವು ಎಂದು ಹೆಸರು. ಹೂವಿದ್ದರೆ ಬಾನಿ ಬದುಕಿದೆ ಎಂದರ್ಥ.

ತಾಯಿ ಸಾಯುವಾಗ ಮನೆಯ ಬಗ್ಗೆ ಏನೂ ಹೇಳಲಿಲ್ಲ, ಮಗಳ ಬಗ್ಗೆಯೂ ಏನೂ ಹೇಳಲಿಲ್ಲ. "ಬಾನಿಗೆ ಹೊರಗಿನ ನೀರು ತಾಗಿಸಬೇಡ. ತಾಗಿದರೆ ಸಾಯುತ್ತೆ. ಸತ್ತರೆ ಮತ್ತೆ ಎಬ್ಬಿಸೋಕೆ ನಿನಗೆ ಬರಲ್ಲ, ನನಗೂ ಬರಲ್ಲ" ಎಂದಷ್ಟೇ ಹೇಳಿದಳು.

ಒಂದು ಮಧ್ಯಾಹ್ನ ಬಣ್ಣದವಳು ಬಾಗಿಲ ಬಳಿ ಬಟ್ಟೆ ಹಿಂಡುತ್ತಿದ್ದಳು. ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಒಬ್ಬ ಬಂದು ನಿಂತ. ಅವಳು ಹಿಂದೆಂದೂ ಅವನನ್ನು ನೋಡಿರಲಿಲ್ಲ.

"ತಾಯಿ, ಕಡವಿಗೆ ಹೀಗೇ ಹೋಗಬೇಕಾ?"

"ಹೂಂ, ನೇರ ಹೋಗಿ. ಇಳಿಜಾರು ಸಿಗುತ್ತೆ, ಕೆಳಗೆ ದೋಣಿ ನಿಂತಿರುತ್ತೆ" ಎಂದಳು.

ಅವನು ಗಿಂಡಿ ಮುಂದೆ ಚಾಚಿದ. ಅವಳ ಬಲಗೈ ಮೊಣಕೈವರೆಗೆ ನೀಲಿಯಾಗಿತ್ತು, ಇನ್ನೂ ತೊಟ್ಟಿಕ್ಕುತ್ತಿತ್ತು. ಅವನ ಗಿಂಡಿಗೆ ಬಣ್ಣ ಹತ್ತಬಾರದೆಂದು ಅವಳು ತನ್ನ ಗಿಂಡಿಯನ್ನು ಎಡಗೈಯಲ್ಲಿ ಎತ್ತಿ ಸುರಿದಳು. ಅವನು ಕೈಯನ್ನು ನೋಡಿದ. ಅವಳನ್ನು ನೋಡಿದ. "ಹಾಂ" ಎಂದ. ತನ್ನ ಪಾಲಿನ ಗುಟುಕು ಕೊಟ್ಟ. ಹೋದ.

ಅಷ್ಟೇ ನಡೆದದ್ದು.

ಅವನು ಬೀದಿಯ ತಿರುವು ದಾಟಿದ ಮೇಲೆ ಅವಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಎಡಗೈಯಲ್ಲಿ ಕೊಟ್ಟೆ. ಭಿಕ್ಷುಕನಿಗೂ ಎಡಗೈಯಲ್ಲಿ ಕೊಡುವುದಿಲ್ಲ. ಅವನು ಕೈ ನೋಡಿದ. ಆಮೇಲೆ ಮುಖ ನೋಡಿದ. ಮೊದಲು ಕೈ, ಆಮೇಲೆ ಮುಖ. ಯಾಕೆ ಹಾಗೆ ನೋಡಿದ?

ಆ ಸಂಜೆ ಎಲ್ಲರೂ ಬಾಗಿಲಲ್ಲಿ ನಿಂತರು. ಅವಳೂ ನಿಂತಳು. ಗಿಂಡಿ ಬಗ್ಗಿಸಲು ಹೋಗಿ ತಡೆದಳು. ಅವನ ಮನಸ್ಸಿನಲ್ಲಿ ಕಹಿ ಹುಟ್ಟಿದ್ದರೆ ಈ ನೀರಿನಲ್ಲಿ ಅದರ ಸುಳಿವಿರುತ್ತದೆ. ಸುರಿದುಬಿಟ್ಟರೆ ಇನ್ನು ತಿಳಿಯುವಂತಿಲ್ಲ. ನಾಳೆ ಸುರಿದರಾಯಿತು ಎಂದುಕೊಂಡು ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿ ಹೊಸ್ತಿಲು ದಾಟಿದಳು.

ನೀರನ್ನು ಬಿಳಿ ಬಟ್ಟಲಿಗೆ ಹಾಕಿ ಬೆಳಕಿಗೆ ಹಿಡಿದಳು. ಏನೂ ಕಾಣಲಿಲ್ಲ. ಪಕ್ಕದಲ್ಲಿ ಬಾವಿಯ ನೀರಿನ ಬಟ್ಟಲಿಟ್ಟು ಹೋಲಿಸಿದಳು. ಎರಡೂ ಒಂದೇ ತರ ಇದ್ದವು. ಬಿಳಿ ನೂಲು ಅದ್ದಿ ಒಣಗಿಸಿದಳು. ನೂಲು ಬಿಳಿಯಾಗಿಯೇ ಇತ್ತು. ನಾಲಿಗೆಯ ತುದಿಗೆ ತಾಗಿಸಿದಳು. ನೀರಿನ ರುಚಿಯೇ. ಕಾಯಿಸಿದಳು. ಆವಿ ಎದ್ದಿತು, ಆದರೆ ನೀರು ಒಂದೆಳೆಯೂ ಇಳಿಯಲಿಲ್ಲ.

ಏನೂ ಕಾಣದ ಮಾತ್ರಕ್ಕೆ ಏನೂ ಇಲ್ಲವೆಂದು ಹೇಗೆ ಹೇಳುವುದು ಎಂದುಕೊಂಡಳು. ನೋಡುವ ಕ್ರಮ ತಪ್ಪಿರಬಹುದು. ಬೆಳಿಗ್ಗೆ ನೋಡಿದರೆ ಬಟ್ಟಲು ತುಂಬಿ ನೆಲಕ್ಕೆ ಹರಿದಿತ್ತು. ಅವಳು ಅದನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಕೊಡಕ್ಕೆ ಹಿಂಡಿದಳು. ಸುರಿಯಲಿಲ್ಲ.

ಮುಂದೆ ಬಂದವರೊಡನೆ ಅವಳು ತಪ್ಪು ಮಾಡಬಾರದೆಂದು ನಿಶ್ಚಯಿಸಿದಳು. ಯಾರಾದರೂ ದೂರದಲ್ಲಿ ಕಂಡರೆ ಬಲಗೈ ತೊಳೆದು ಒರೆಸಿ ಸಿದ್ಧಳಾಗುತ್ತಿದ್ದಳು. ಏನು ಹೇಳಬೇಕೆಂದು ತುಟಿಯೊಳಗೆ ಅಭ್ಯಾಸ ಮಾಡುತ್ತಿದ್ದಳು. ಕೋಳಿ ಹಿಡಿದ ಹೆಂಗಸೊಬ್ಬಳು ನಕ್ಕಳು. ಇವಳು ನಗುವಷ್ಟರಲ್ಲಿ ಆ ಹೆಂಗಸು ನಗು ಮುಗಿಸಿದ್ದಳು. ಹೀಗೆ ತಡವಾಗಿ ನಕ್ಕಿದ್ದನ್ನು ಆ ಹೆಂಗಸು ಏನೆಂದುಕೊಂಡಳು? ಆ ನೀರೂ ಒಳಗೆ ಬಂತು. ಮುದುಕನೊಬ್ಬ "ಬಿಸಿಲು ಜೋರು" ಎಂದ. ಇವಳು "ಹೌದು, ನಿಮಗೂ" ಎಂದುಬಿಟ್ಟಳು. ನಿಮಗೂ ಎಂದರೆ ಏನರ್ಥ? ಆ ನೀರೂ ಒಳಗೆ ಬಂತು. ಒಬ್ಬ ಏನೂ ತಪ್ಪಿಲ್ಲದೆ ಮಾತಾಡಿ ಹೋದ. ಅಷ್ಟು ಸಲೀಸಾಗಿ ಹೋದದ್ದೇ ಅವಳಿಗೆ ಸಂಶಯವಾಯಿತು. ಆ ನೀರೂ ಒಳಗೆ ಬಂತು.

ಕೊಡ ತುಂಬಿತು. ಹಂಡೆ ತುಂಬಿತು. ಮರದ ಮರಿಗೆ ತುಂಬಿತು. ಒರಳಿನ ಕುಳಿ ತುಂಬಿತು. ಅವಳು ಗೋಡೆಗೆ ಒರಗಿ, ಯಾವ ಪಾತ್ರೆಯಲ್ಲಿ ಯಾರ ನೀರು ಎಂದು ಒಂದೊಂದನ್ನೇ ನೆನಪಿಸಿಕೊಳ್ಳುತ್ತಿದ್ದಳು. ನೆನಪಿಸಿಕೊಂಡ ಪಾತ್ರೆ ಒಂದು ಬೆರಳು ಏರುತ್ತಿತ್ತು.

ಬಾಗಿಲ ನಂದಿಬಟ್ಟಲು ಮೊಗ್ಗು ಬಿಡುವುದನ್ನು ನಿಲ್ಲಿಸಿತು. ಎಲೆಗಳು ಸುರುಟಿಕೊಂಡವು.

ಎದುರು ಮನೆಯಲ್ಲಿ ಬುಟ್ಟಿ ಹೆಣೆಯುವ ಮುದುಕಿಯಿದ್ದಳು. ಅವಳ ಬಾಯಿಗೆ ಬಾಗಿಲಿರಲಿಲ್ಲ.

"ಏನೇ, ನಿನ್ನ ಗಿಡ ಒಣಗ್ತಾ ಇದೆ. ಹೋಗೋ ಬರೋರ ಜೊತೆ ಮಾತು ಬಿಟ್ಟಿದೀಯಾ?"

"ಇಲ್ಲಜ್ಜಿ. ಮಾತಾಡ್ತೀನಿ."

"ಮಾತಾಡಿದ ನೀರು ಎಲ್ಲಿ ಹೋಯ್ತು ಹಾಗಾದ್ರೆ?"

ಮುದುಕಿ ಬಿದಿರ ಸೀಳನ್ನು ಹಲ್ಲಿನಲ್ಲಿ ಕಚ್ಚಿ, ಬಿಟ್ಟು ಹೇಳಿದಳು: "ಒಳಗೆ ಇಟ್ಕೊಂಡಿದೀಯ. ನಿನ್ನ ಕಾಲು ನೋಡಿದ್ರೆ ಗೊತ್ತಾಗುತ್ತೆ, ಪಾದ ನೆನೆದು ಸುಕ್ಕಾಗಿದೆ."

"ಒಬ್ಬನಿಗೆ ಎಡಗೈಲಿ ನೀರು ಕೊಟ್ಟೆ ಅಜ್ಜಿ."

"ಆಮೇಲೆ?"

"ಅವನು ಕೈ ನೋಡಿದ."

"ಕಣ್ಣಿತ್ತು, ನೋಡಿದ. ಆಮೇಲೆ?"

"ಆಮೇಲೆ ಏನಿಲ್ಲ. ಹಾಂ ಅಂದ."

ಮುದುಕಿ ಹೆಣೆಯುವುದನ್ನು ನಿಲ್ಲಿಸಿದಳು. "ನನ್ನ ಗಂಡ ಬದುಕಿರೋ ತನಕ ನನ್ನ ಹತ್ರ ಹಾಂ ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ನಿನ್ನ ತರ ಕೂತಿದ್ರೆ ಈ ಊರು ಸಮುದ್ರ ಆಗಿರ್ತಿತ್ತು. ಹೋಗಿ ಸುರಿ."

"ಅವನಿಗೆ ಏನನ್ನಿಸ್ತು ಅಂತ ತಿಳಿದ ಮೇಲೆ ಸುರೀತೀನಿ."

"ಒಳಗೆ ನಿಮ್ಮಮ್ಮನ ಬಾನಿ ಇದೆ ಕಣೇ" ಎಂದಳು ಮುದುಕಿ. ಈಗ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ.

ಅದು ಬಣ್ಣದವಳಿಗೂ ಗೊತ್ತಿತ್ತು. ಪಾತ್ರೆಗಳು ಉಕ್ಕಿ ನೀರು ನಡುಮನೆಯ ನೆಲದಲ್ಲಿ ಹರಡಿ, ಮೆಟ್ಟಿಲಿಳಿದು ಒಳಕೋಣೆಯಲ್ಲಿ ನಿಂತಿತ್ತು. ಬಾನಿಯ ಕುತ್ತಿಗೆ ನೆಲದಿಂದ ಒಂದು ಗೇಣು ಮೇಲಿತ್ತು. ಆ ಗೇಣಿನಲ್ಲಿ ಅರ್ಧ ಈಗ ನೀರು. ಅವಳು ಬಾನಿಯ ಸುತ್ತ ಗೋಣಿ ಒತ್ತಿದಳು, ಸೊಂಟದೆತ್ತರಕ್ಕೆ ಜೇಡಿಮಣ್ಣು ಕಟ್ಟಿದಳು. ಒಳಕೋಣೆಯ ನೀರನ್ನು ಮೊಗೆದು ನಡುಮನೆಗೆ ಹಾಕಿದಳು. ನಡುಮನೆಯ ನೀರು ಮತ್ತೆ ಒಳಕೋಣೆಗೆ ಇಳಿಯಿತು.

ಬೀದಿಗೆ ಬಿಡಲು ಒಂದು ದಾರಿಯಿತ್ತು. ಆ ಊರಿನ ಹೊಸ್ತಿಲೆಂದರೆ ಕಲ್ಲಿನ ಸಂದಿನಲ್ಲಿ ಕೂರಿಸಿದ ಒಂದು ದಪ್ಪ ಹಲಗೆ. ಮನೆ ತೊಳೆಯುವ ದಿನ ಅದನ್ನು ಎತ್ತುತ್ತಾರೆ. ಆದರೆ ಒಂದು ಗಿಂಡಿ ಬಗ್ಗಿಸಿದರೆ ಯಾರೂ ನೋಡುವುದಿಲ್ಲ. ಮನೆ ತುಂಬ ನೀರು ಬೀದಿಗೆ ಬಂದರೆ ಎಲ್ಲರೂ ನೋಡುತ್ತಾರೆ. ಇಷ್ಟು ದಿನ ಇದನ್ನೆಲ್ಲ ಇಟ್ಟುಕೊಂಡಿದ್ದಳಾ ಎನ್ನುತ್ತಾರೆ. ನನ್ನದೂ ಇದರಲ್ಲಿದೆಯಾ ಎಂದು ಕೇಳುತ್ತಾರೆ. ಹಾಗೆಂದುಕೊಂಡಾಗ ಕಾಲಿನ ಬಳಿ ನೀರು ಮತ್ತೆ ಒಂದು ಬೆರಳು ಏರಿತು.

ಹಗ್ಗದವನನ್ನೇ ಕೇಳಿಬಿಡುವುದು ಸರಿ ಎಂದು ತೀರ್ಮಾನಿಸಿದಳು. ಕಾರಣ ಹೋದರೆ ಪರಿಣಾಮವೂ ಹೋಗಬೇಕು. ಮೊದಲನೆಯ ಗುಟುಕು ಅವನದು. ಅದು ಇಳಿದರೆ ಉಳಿದದ್ದು ತಾನಾಗಿ ಇಳಿದೀತು.

ಅವಳು ಗಿಂಡಿ ಹಿಡಿದು ಕಡವಿಗೆ ಹೋದಳು. ದಾರಿಯುದ್ದಕ್ಕೂ ಮಾತನ್ನು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಕಡವಿನಲ್ಲಿ ಹಗ್ಗದವನು ಗೂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಇವಳ ಕಡೆ ನೋಡಿದ. ಗುರುತಿಲ್ಲದವರನ್ನು ನೋಡುವಂತೆ ನೋಡಿದ.

"ನೀವು ಆವತ್ತು ನಮ್ಮ ಬಾಗಿಲಲ್ಲಿ ದಾರಿ ಕೇಳಿದಿರಿ" ಎಂದಳು. "ನಾನು ಬಣ್ಣದವಳು."

"ಕೇಳಿರಬಹುದು" ಎಂದ. "ನಾನು ಎಲ್ಲರ ಹತ್ರಾನೂ ದಾರಿ ಕೇಳ್ತೀನಿ. ಗೊತ್ತಿದ್ರೂ ಕೇಳ್ತೀನಿ."

"ನಾನು ಎಡಗೈಲಿ ಕೊಟ್ಟೆ. ಬಲಗೈಲಿ ಬಣ್ಣ ಇತ್ತು, ಅದಕ್ಕೆ. ಬೇಕಂತ ಅಲ್ಲ."

ಅವನು ಹಗ್ಗದ ತುದಿಯನ್ನು ಕಾಲಿನಡಿ ಒತ್ತಿ ಹಿಡಿದು ಯೋಚಿಸಿದ. "ನೆನಪಿಲ್ಲಮ್ಮ."

"ನೀವು ಕೈ ನೋಡಿದಿರಿ. ಆಮೇಲೆ ಮುಖ ನೋಡಿದಿರಿ."

"ಹಾಗಾದ್ರೆ ನೋಡಿರ್ತೀನಿ."

"ನಿಮಗೆ ಬೇಜಾರಾಯ್ತಾ?"

"ನಿಮಗೆ ಯಾವುದು ಬೇಕು ಹೇಳಿ" ಎಂದ ಅವನು, ಸಹನೆಯಿಂದಲೇ. "ಬೇಜಾರಾಯ್ತು ಅಂದ್ರೆ ಸಮಾಧಾನ ಆಗುತ್ತೆ ಅಂದ್ರೆ, ಆಯ್ತು ಅಂತೀನಿ. ದೋಣಿ ಕಾಯ್ತಿದೆ."

ಗುರುತಿಲ್ಲದವನಾದ್ದರಿಂದ ಮತ್ತೆ ನೀರು ಬದಲಾಯಿಸಬೇಕಾಯಿತು. ಅವಳು ಬಲಗೈಯಲ್ಲಿ ಕೊಟ್ಟಳು. ಗಿಂಡಿ ಹೆಚ್ಚು ಬಗ್ಗಿ ಅರ್ಧ ಅವನ ಪಾದದ ಮೇಲೆ ಬಿತ್ತು. ಅವನು ಪಾದ ಕೊಡವಿ ದೋಣಿಯತ್ತ ನಡೆದ.

ಹಿಂತಿರುಗುವ ದಾರಿಯಲ್ಲಿ ಅವಳು ಲೆಕ್ಕ ಹಾಕಿದಳು. ನೆನಪಿಲ್ಲ ಎಂದ. ನಿಜವಾಗಿ ನೆನಪಿಲ್ಲವೋ, ನೆನಪಿದ್ದೂ ಇಲ್ಲವೆಂದನೋ? ದೋಣಿ ಕಾಯುತ್ತಿದೆ ಎಂದ. ದೋಣಿ ಕಾಯುತ್ತಿತ್ತೇ? ಪಾದ ಕೊಡವಿದ್ದು ನೀರಿಗೋ, ನನಗೋ? ಮೊದಲು ಒಂದು ಪ್ರಶ್ನೆ ಇತ್ತು. ಈಗ ಮೂರಾದವು. ಅವಳು ನಿಂತಲ್ಲೇ ನಿಂತಳು. ತಾನಿಲ್ಲಿ ಯೋಚಿಸುತ್ತಿದ್ದರೆ ಅಲ್ಲಿ ಮನೆಯಲ್ಲಿ ಏನಾಗುತ್ತಿದೆ ಎಂಬುದು ಅರಿವಾಯಿತು. ಓಡಿದಳು.

ಬಾಗಿಲು ತೆರೆದಾಗ ನೀರು ಹೊಸ್ತಿಲ ಹಲಗೆಯ ಅಂಚಿಗೆ ಎರಡು ಬೆರಳಷ್ಟೇ ಕೆಳಗಿತ್ತು. ಪಾತ್ರೆಗಳೆಲ್ಲ ಮುಳುಗಿ ಒಂದಕ್ಕೊಂದು ಮೆಲ್ಲಗೆ ತಾಗುತ್ತಿದ್ದವು. ಅವಳು ಸೊಂಟದವರೆಗೆ ನೀರಿಗಿಳಿದು ಒಳಕೋಣೆಗೆ ಹೋದಳು. ಕಟ್ಟಿದ ಜೇಡಿಮಣ್ಣಿನ ದಂಡೆ ಬಾನಿಯ ಸುತ್ತ ಸೊಂಟದೆತ್ತರಕ್ಕೆ ನಿಂತಿತ್ತು, ಮೆತ್ತಗಾಗಿ ಒಳಕ್ಕೆ ಬಾಗುತ್ತಿತ್ತು. ದಂಡೆಯಾಚೆ ನೀರು, ಈಚೆ ಬಾನಿಯ ಬಾಯಿ. ಮುಚ್ಚಳ ತೆಗೆದಳು. ತಾಮ್ರದ ಹೂವು ಇನ್ನೂ ಇತ್ತು.

ಮೊಗೆಯಲು ಖಾಲಿ ಪಾತ್ರೆಯಿರಲಿಲ್ಲ. ಮೊಗೆದು ಹಾಕಲು ಖಾಲಿ ಜಾಗವಿರಲಿಲ್ಲ. ಉಳಿದದ್ದು ಹೊಸ್ತಿಲ ಹಲಗೆ. ಅವಳು ಬಾಗಿಲಿಗೆ ಬಂದು ಅದರ ಮೇಲೆ ಎರಡೂ ಕೈಯಿಟ್ಟಳು. ಬೀದಿಯಲ್ಲಿ ಜನ ನಡೆಯುತ್ತಿದ್ದರು. ಸಂತೆಯಿಂದ ಬರುವವರು, ಕಡವಿಗೆ ಹೋಗುವವರು, ಒಬ್ಬರೂ ಗುರುತಿನವರಲ್ಲ. ಸ್ವಲ್ಪ ಕಾಯೋಣ, ಬೀದಿ ಖಾಲಿಯಾಗಲಿ, ಇಲ್ಲದಿದ್ದರೆ ಇವರೆಲ್ಲ ಏನೆಂದುಕೊಳ್ಳುತ್ತಾರೆ ಎಂದು ಯೋಚಿಸಿದಳು.

ಆ ಯೋಚನೆಗೆ ನೀರು ಒಂದು ಬೆರಳು ಏರಿತು. ಒಳಕೋಣೆಯಲ್ಲಿ ದಂಡೆಯ ಮೇಲಿಂದ ಒಂದು ಎಳೆ ನೀರು ಬಾನಿಗೆ ಬೀಳುವ ಸದ್ದು ಕೇಳಿಸಿತು. ತೀರ ಸಣ್ಣ ಸದ್ದು. ಗಿಂಡಿಯಿಂದ ಗಿಂಡಿಗೆ ಬೀಳುವಂಥದ್ದೇ.

ಅವಳು ಹಲಗೆ ಎತ್ತಿದಳು.

ನೀರು ಬೀದಿಗೆ ಬಿತ್ತು. ಒಣಗಿದ ನಂದಿಬಟ್ಟಲನ್ನು ಸುತ್ತಿ, ಬುಟ್ಟಿಯ ಮುದುಕಿಯ ಬಿದಿರನ್ನು ತೇಲಿಸಿ, ಇಳಿಜಾರು ಹಿಡಿದು ಹೊರಟಿತು. ಜನ ಸೀರೆ ಎತ್ತಿಕೊಂಡರು, ಪಂಚೆ ಎತ್ತಿಕೊಂಡರು, ಗೋಡೆಯ ಬದಿಗೆ ಸರಿದರು. ಎಲ್ಲರೂ ಅವಳನ್ನು ನೋಡಿದರು. ಅವಳು ಹೆದರಿದ್ದು ಇದಕ್ಕೇ. ಹಲಗೆ ಎದೆಗವಚಿಕೊಂಡು ನಿಂತಳು.

ದೋಣಿ ಕಳಿಸಿ ಇಳಿಜಾರಿನಿಂದ ಮೇಲೆ ಬರುತ್ತಿದ್ದ ಹಗ್ಗದವನು ನೇರವಾಗಿ ನೀರಿಗೆ ಸಿಕ್ಕಿದ. ಅವನ ಹಗ್ಗದ ಸುರುಳಿ ಕೈಜಾರಿ ಕೆಸರಿಗೆ ಬಿತ್ತು. ಹುಬ್ಬು ಗಂಟಾಯಿತು. ಕತ್ತಿನ ನರ ಉಬ್ಬಿತು.

"ಯಾರ್ರೀ ಇದು, ದಾರೀಲಿ ಹೋಗೋರ ಮೇಲೆ ನೀರು ಬಿಡೋದು? ಹಗ್ಗ ಪೂರ್ತಿ ನೆನೆದುಹೋಯ್ತು. ಬುದ್ಧಿ ಬೇಡ್ವಾ?"

ಅವಳು ಅವನ ಮುಖವನ್ನು ನೋಡುತ್ತಲೇ ಇದ್ದಳು. ಬೇಜಾರಾದರೆ ಅವನ ಮುಖ ಹೀಗಿರುತ್ತದೆ. ಆವತ್ತು ಬಾಗಿಲಲ್ಲಿ ಹೀಗಿರಲಿಲ್ಲ. ಕಡವಿನಲ್ಲೂ ಹೀಗಿರಲಿಲ್ಲ.

"ಒಳಗೆ ನಮ್ಮಮ್ಮನ ಬಾನಿ ಇದೆ" ಎಂದಳು. "ನೀರು ಸೇರ್ತಾ ಇದೆ. ದಂಡೆ ಒಡೆಯುತ್ತೆ."

ಇದನ್ನವಳು ತುಟಿಯೊಳಗೆ ಅಭ್ಯಾಸ ಮಾಡಿರಲಿಲ್ಲ.

ಹಗ್ಗದವನು ಅವಳ ಹಿಂದಿನ ಕತ್ತಲೆ ಕೋಣೆಯನ್ನು ಬಗ್ಗಿ ನೋಡಿದ. "ಅಲ್ಲೇ ನಿಂತ್ಕೊಂಡು ಹೇಳ್ತಿದೀರಲ್ಲ" ಎಂದು ಗೊಣಗಿ, ಹಗ್ಗವನ್ನು ಎತ್ತಿ ಗೋಡೆಯ ಮೇಲೆ ಒಣಗಲು ಹಾಕಿ, ಪಂಚೆ ಮೇಲೆ ಕಟ್ಟಿ ಒಳಗೆ ಇಳಿದ. ಬುಟ್ಟಿಯ ಮುದುಕಿ ಬೀದಿಯ ಜನಕ್ಕೆ, "ಏನು ಜಾತ್ರೆ ನೋಡ್ತಿದೀರಾ? ಗಿಂಡಿ ಇಲ್ವಾ ಕೈಲಿ?" ಎಂದಳು.

ಎಲ್ಲರ ಕೈಯಲ್ಲೂ ಗಿಂಡಿಯಿತ್ತು. ಮೆಟ್ಟಿಲ ಕೆಳಗಿನ ನೀರು ತಾನಾಗಿ ಹೊರಗೆ ಹೋಗುವಂತಿರಲಿಲ್ಲ, ಮೊಗೆದೇ ತೆಗೆಯಬೇಕಿತ್ತು. ಒಳಕೋಣೆಯಿಂದ ಬಾಗಿಲವರೆಗೆ ಒಬ್ಬರ ಪಕ್ಕ ಒಬ್ಬರು ನಿಂತರು. ಮೊಗೆದರು, ದಾಟಿಸಿದರು, ಬೀದಿಗೆ ಎರಚಿದರು. ಬಲಗೈ ಸೋತವರು ಎಡಗೈಯಲ್ಲಿ ಮೊಗೆದರು. ಕೋಳಿಯ ಹೆಂಗಸು ಕೋಳಿಯನ್ನು ಕಂಕುಳಲ್ಲಿ ಒತ್ತಿಕೊಂಡು ಒಂದೇ ಕೈಯಲ್ಲಿ ದಾಟಿಸಿದಳು. ಅದು ಎಡಗೈ. ಬಣ್ಣದವಳು ಅದನ್ನು ನೋಡಿದಳು. ಮೊದಲು ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಗಿಂಡಿ ಬಂದದ್ದರಿಂದ ತೆಗೆದುಕೊಂಡಳು. "ಹಾಂ" ಎಂದಳು. ಮುಂದಿನವರಿಗೆ ದಾಟಿಸಿದಳು. ತಾನು ಏನು ಹೇಳಿದೆನೆಂದು ತಿಳಿಯುವಷ್ಟರಲ್ಲಿ ಮತ್ತೊಂದು ಗಿಂಡಿ ಬಂದಿತ್ತು.

ನೆಲ ಕಂಡಿತು. ದಂಡೆ ಒಂದು ಬದಿಯಲ್ಲಿ ಕುಸಿದಿತ್ತು. ಬಾನಿಗೆ ಎಷ್ಟು ನೀರು ಸೇರಿತ್ತೋ ಹೇಳುವಂತಿರಲಿಲ್ಲ. ಹೂವು ಚದುರಿ, ಅಂಚಿನಲ್ಲಿ ಒಂದೆರಡು ತಾಮ್ರದ ಗುಳ್ಳೆಗಳು ಮಾತ್ರ ಉಳಿದಿದ್ದವು.

ಅವಳು ಒಂದು ಬಿಳಿ ಬಟ್ಟೆ ತಂದಳು. ಮೊಣಕಾಲೂರಿ ಅದನ್ನು ಬಾನಿಯಲ್ಲಿ ಅದ್ದಿ ತಡೆದು ಹಿಡಿದಳು. ಮೇಲೆತ್ತಿದಾಗ ಬಟ್ಟೆ ಹಳದಿ ಬೆರೆತ ಹಸಿರಾಗಿತ್ತು, ಹಾಗಲದ ಎಲೆಯಂತೆ.

"ಸತ್ತುಹೋಯ್ತಾ?" ಎಂದ ಹಗ್ಗದವನು.

"ಗೊತ್ತಿಲ್ಲ" ಎಂದಳು. "ಒಳಗಿರುವಾಗ ಯಾವತ್ತೂ ಹೀಗೇ. ಹೊರಗೆ ಬಂದು ಗಾಳಿ ತಾಗಬೇಕು."

ಬಟ್ಟೆಯನ್ನು ಬಾಗಿಲಿಗೆ ತಂದು, ಗೋಡೆಯ ಮೇಲೆ ಅವನ ಹಗ್ಗದ ಪಕ್ಕದಲ್ಲಿ ಹರವಿದಳು. ಎಲ್ಲರೂ ನಿಂತು ಕಾದರು. ಬಟ್ಟೆ ಹಸಿರಾಗಿಯೇ ಇತ್ತು. ಆಮೇಲೆ ಒಂದು ಮೂಲೆ ಕಪ್ಪಾದಂತೆ ಕಂಡಿತು. ಆ ಮೂಲೆಯಿಂದ ನೀಲಿ ಹೊರಟು, ಮಡಿಕೆಗಳಲ್ಲಿ ತಡವರಿಸಿ, ಬಟ್ಟೆಯ ನಡುವಿಗೆ ಬಂತು. ಅಮ್ಮನ ನೀಲಿಯಲ್ಲ. ಅದಕ್ಕಿಂತ ತೆಳು. ಮುಂದೆ ಎಷ್ಟು ಬೆಲ್ಲ ಹಾಕಿದರೂ ಆ ಹಳೆಯ ನೀಲಿ ಬರಲಿಲ್ಲವೆಂದು ಊರಿನವರು ಹೇಳುತ್ತಾರೆ. ಆದರೂ ಅದು ನೀಲಿಯೇ.

"ಬದುಕಿದೆ" ಎಂದಳು ಮುದುಕಿ. "ಇನ್ನು ನನ್ನ ಬಿದಿರು ಯಾರು ಹುಡುಕಿ ತರ್ತೀರಾ?"

ಜನ ನಕ್ಕು, ಚದುರಿದರು. ಹೋಗುವ ಮೊದಲು ಒಬ್ಬೊಬ್ಬರೂ ಬಣ್ಣದವಳ ಜೊತೆ ನೀರು ಬದಲಾಯಿಸಿಕೊಂಡರು. ವಾಡಿಕೆ ವಾಡಿಕೆಯೇ. ಹಗ್ಗದವನು ಒದ್ದೆ ಹಗ್ಗ ಹೆಗಲಿಗೇರಿಸಿ ಕೊನೆಗೆ ಹೊರಟ. ತಿರುವಿನಲ್ಲಿ ಮರೆಯಾದ.

ಸಂಜೆಯಾಯಿತು. ಎಲ್ಲರೂ ತಂತಮ್ಮ ಬಾಗಿಲಲ್ಲಿ ನಿಂತರು. ಬಣ್ಣದವಳೂ ನಿಂತಳು. ಗಿಂಡಿ ಭಾರವಾಗಿತ್ತು. ಮುಖವನ್ನು ಬೀದಿಗೆ ತಿರುಗಿಸಿದಳು.

ಹಗ್ಗದವನು ಹೋಗುವಾಗ ಏನೂ ಹೇಳಲಿಲ್ಲ. ಬೇರೆಯವರೆಲ್ಲ ಬರ್ತೀವಿ ಎಂದರು. ಅವನು ಹೇಳಲಿಲ್ಲ. ಯಾಕೆ?

ಕೈಯಲ್ಲಿ ಗಿಂಡಿ ಇನ್ನಷ್ಟು ಭಾರವಾಯಿತು. ನೀರು ಕಂಠಕ್ಕೆ ಏರಿ ಬೆರಳಿಗೆ ತಣ್ಣಗೆ ತಾಗಿತು. ಇನ್ನೊಂದು ಕ್ಷಣ ನಿಂತರೆ ಇನ್ನೊಂದು ಬೆರಳು ಏರುತ್ತದೆ, ಅವಳಿಗೆ ಗೊತ್ತಿತ್ತು. ಅವನು ಯಾಕೆ ಹೇಳಲಿಲ್ಲವೆಂಬುದು ಗೊತ್ತಿರಲಿಲ್ಲ.

ಯಾವ ಕೈಯೆಂದು ನೋಡದೆ ಗಿಡದ ಬುಡಕ್ಕೆ ಬಗ್ಗಿಸಿದಳು. ಕೊನೆಯ ಹನಿ ಬೀಳುವವರೆಗೂ ಹಾಗೇ ಹಿಡಿದಳು. ಗಿಂಡಿಯನ್ನು ಹೊಸ್ತಿಲ ಹೊರಗೇ ಬೋರಲು ಹಾಕಿ, ದೀಪ ಹಚ್ಚಲು ಒಳಗೆ ಹೋದಳು.